ಬಸ್ಸಿಗೆ ಕೊಟ್ಟ ಕವರ್

ಬಸ್ಸಿಗೆ ಕವರ್ ಕೊಡುವ ವಿದ್ಯೆಯಲ್ಲಿ ಜೋಯಿಡಾದಿಂದ ಮುಂಡಗೋಡದವರೆಗೆ ನನ್ನನ್ನು ಮೀರಿಸಿದವರಿಲ್ಲ. ಇದನ್ನು ವಿನಯದಿಂದಲೇ ಹೇಳುತ್ತಿದ್ದೇನೆ.

ಮೊಬೈಲ್ ಬರುವ ಮೊದಲು ನಮ್ಮಂಥ ಹವ್ಯಾಸಿ ಪತ್ರಕರ್ತರು ಸುದ್ದಿಯನ್ನು ಕೈಯಲ್ಲಿ ಬರೆದು, ಫೋಟೊ ರೀಲಿನ ಜತೆ ಖಾಕಿ ಲಕೋಟೆಗೆ ಹಾಕಿ, ಮೇಲೆ ಕೆಂಪು ಶಾಯಿಯಲ್ಲಿ ‘ತುರ್ತು ಸುದ್ದಿ’ ಎಂದು ಬರೆದು ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆವು. ಹುಬ್ಬಳ್ಳಿ ನಿಲ್ದಾಣದಲ್ಲಿ ಪತ್ರಿಕೆಗಳ ಡಬ್ಬಿಗಳಿದ್ದವು. ಅವನು ಅವುಗಳಲ್ಲಿ ಹಾಕುತ್ತಿದ್ದ. ಟಿಬೆಟನ್ ಕಾಲೊನಿಯ ಹೊಸ ವರ್ಷದ ಕುಣಿತ, ಸೂಪಾ ಅಣೆಕಟ್ಟೆಯ ಗೇಟು ತೆರೆದದ್ದು, ಕ್ಯಾಸಲ್‌ರಾಕ್ ಬಳಿ ಗೂಡ್ಸ್ ರೈಲು ಹಳಿ ತಪ್ಪಿದ್ದು, ಎಲ್ಲವೂ ಹೀಗೆ ಕಂಡಕ್ಟರನ ಕಾಲ ಬುಡದಲ್ಲಿ ಕೂತು ಹೋಗಿಯೇ ಇತಿಹಾಸವಾದವು.

ಆ ಇತಿಹಾಸವನ್ನೆಲ್ಲ ಈಗ ಪುಸ್ತಕವಾಗಿ ಬರೆದು ಮುಗಿಸಿದ್ದೆ. ಕೈಬರಹ. ಇದ್ದದ್ದು ಒಂದೇ ಪ್ರತಿ. ಪುಟಗಳ ಫೋಟೊ ಹೊಡೆದಿಡಿ ಎಂದು ಹೆಂಡತಿ ಸುಮಿತ್ರಾ ಹೇಳಿ ಹೇಳಿ ಸೋತಿದ್ದಳು. ದೊಡ್ಡ ಕೃತಿಗಳು ಮೊಬೈಲಿನಲ್ಲಿ ವಾಸ ಮಾಡುವುದಿಲ್ಲ ಎಂದು ನಾನು ಉತ್ತರಿಸಿದ್ದೆ. ಸೋಮವಾರ ಹಸ್ತಪ್ರತಿ ಕೈಗೆ ಬರದಿದ್ದರೆ ಮುಂದಿನ ವರ್ಷ ನೋಡೋಣ ಎಂದು ಧಾರವಾಡದ ಪ್ರಕಾಶಕರು ಹೇಳಿದ್ದರು. ನನ್ನ ವಯಸ್ಸಿನವರಿಗೆ ‘ಮುಂದಿನ ವರ್ಷ’ ಎನ್ನುವುದು ಸ್ವಲ್ಪ ಒರಟು ಮಾತು.

ಶನಿವಾರ ಪೂಜಾ ಬಂದಳು. ಗಣೇಶಗುಡಿಯ ರಾಫ್ಟಿಂಗ್‌ನವರಿಗೆ ವಿಡಿಯೊ ಮಾಡಿಕೊಡುವ ಹುಡುಗಿ. ನೀರಿನಲ್ಲಿ ಕಿರಿಚುವ ಪ್ರವಾಸಿಗರನ್ನು ತೆಗೆದು ತೆಗೆದು ಬೇಸತ್ತು ಈಗ ಕಿರಿಚದ ಹಿರಿಯರನ್ನು ಹುಡುಕುತ್ತಿದ್ದಳು. ಬಸ್ಸಿಗೆ ಕವರ್ ಕೊಡುವ ದೃಶ್ಯ ಬೇಕು ಎಂದಳು.

ಖಾಲಿ ಲಕೋಟೆ ಕ್ಯಾಮೆರಾದಲ್ಲಿ ಬಡಕಲಾಗಿ ಕಂಡಿತು. ರದ್ದಿ ಕಾಗದ ತುಂಬಬಹುದಿತ್ತು. ಆದರೆ ಅದು ಸುಳ್ಳಾಗುತ್ತದೆ. ನಾನೋ ಸತ್ಯನಿಷ್ಠ ಪತ್ರಕರ್ತ! ಹಸ್ತಪ್ರತಿಯನ್ನೇ ತುಂಬಿದೆ.

ದಾಂಡೇಲಿ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸು ನಿಂತಿತ್ತು. ಕಂಡಕ್ಟರ್ ಒಬ್ಬ ಹೆಣ್ಣುಮಗಳು. ಲಗೇಜ್ ಟಿಕೆಟ್ ತೆಗೆಸಬೇಕು ಎಂದಳು. ನಾನು ಪತ್ರಿಕೋದ್ಯಮದ ಚರಿತ್ರೆಯನ್ನು ಸಂಕ್ಷೇಪವಾಗಿ ವಿವರಿಸಿದೆ. ಸಂಕ್ಷೇಪ ಮುಗಿಯುವ ಮೊದಲೇ ಅವಳು ಕವರ್ ಇಸಿದುಕೊಂಡಳು. ಮುಖದ ಮೇಲೆ ಬಿಸಿಲು ಬೀಳಲಿಲ್ಲವೆಂದು ಪೂಜಾ ಇನ್ನೊಮ್ಮೆ ಕೊಡಿಸಿದಳು. ನಡುವೆ ಯಾರೋ ಬಾಳೆಗೊನೆ ಹೊತ್ತು ಹಾದುಹೋದರೆಂದು ಮತ್ತೊಮ್ಮೆ ಕೊಡಿಸಿದಳು. ಅಷ್ಟರಲ್ಲಿ ಡ್ರೈವರನ ಸಹನೆ ಮುಗಿಯಿತು. ಸೀಟಿ ಮೊಳಗಿತು, ಬಸ್ಸು ಹೊರಟಿತು. ನಾನು ಹಳೆಯ ಕಾಲದಂತೆಯೇ ಹೆಮ್ಮೆಯಿಂದ ಕೈ ಬೀಸಿದೆ.

“ಅಂಕಲ್, ಕವರ್ ವಾಪಸ್ ಇಸಗೊಂಡ್ರೇನ್ರಿ?” ಎಂದಳು ಪೂಜಾ.

ಆಮೇಲೆ ನಾನು ಓಡಿದೆ.

ನಿಲ್ದಾಣದ ಪಕ್ಕದಲ್ಲೇ ದಸ್ತಗೀರ್ ಭಾಯಿಯ ಗ್ಯಾರೇಜು. ಹಳೆಯ ದಿನಗಳಲ್ಲಿ ನನ್ನನ್ನು ಸುದ್ದಿಯಿಂದ ಸುದ್ದಿಗೆ ಹೊತ್ತೊಯ್ದ ಮೆಕ್ಯಾನಿಕ್. ಓಡುತ್ತಿರುವ ನನ್ನನ್ನು ಕಂಡು ಏನೂ ಕೇಳದೆ ಬೈಕು ಚಾಲೂ ಮಾಡಿದರು. ಬಸ್ಸು ಹಳಿಯಾಳದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ, ಹಿಡಿಯೋಣ ಎಂದರು. ಹಿಡಿಯುತ್ತಿದ್ದೆವು ಕೂಡ. ಆದರೆ ಪರರ ಗಾಡಿಗಳನ್ನು ಸದಾ ಸರಿ ಮಾಡುವ ಮೆಕ್ಯಾನಿಕ್‌ನ ಸ್ವಂತ ಗಾಡಿಯಲ್ಲಿ ಪೆಟ್ರೋಲ್ ಇರಬೇಕೆಂಬ ನಿಯಮ ಎಲ್ಲಿದೆ? ಹಳಿಯಾಳ ಇನ್ನೂ ದೂರವಿದ್ದಾಗ ಬೈಕು ನಿಂತಿತು. ಇಬ್ಬರೂ ತಳ್ಳುತ್ತ ನಡೆದೆವು.

ದುಃಖ ತಡೆಯಲಾಗದೆ ನಾನು ಕಳೆದುಹೋದ ಅಧ್ಯಾಯಗಳನ್ನು ಒಂದೊಂದಾಗಿ ಹೇಳತೊಡಗಿದೆ. ಪುಸ್ತಕದ ಕಿರೀಟವಿದ್ದದ್ದು ಕೊನೆಯಲ್ಲಿ: ಸುರಿವ ಮಳೆಯಲ್ಲಿ ನಾನೊಬ್ಬನೇ ಕಾಡು ಹಾದು ಕ್ಯಾಸಲ್‌ರಾಕ್ ತಲುಪಿ, ಬಿದ್ದ ರೈಲಿನ ಫೋಟೊ ತೆಗೆದು, ಅದು ಮುಖಪುಟದಲ್ಲಿ ಬಂದದ್ದು.

“ನೀವೊಬ್ಬರ?” ದಸ್ತಗೀರ್ ಭಾಯಿ ಬೈಕು ತಳ್ಳುವುದನ್ನೇ ನಿಲ್ಲಿಸಿದರು. “ಹಂಗಾರ ಗಾಡಿ ಯಾರು ಹೊಡದ್ರು ಸಾಹೇಬ್ರ? ಜಗಲಬೇಟದಿಂದ ನನ್ನ ಬೆನ್ನಿಗೆ ತಲಿ ಕೊಟ್ಟು ನಿದ್ದಿ ಹೊಡದ್ರಿ.”

“ಆ ಮಳ್ಯಾಗ ನಿದ್ದಿ ಹೆಂಗ ಬರ್ತೈತಿ ಭಾಯಿ?”

“ಯಾವ ಮಳಿ? ಬಿಸಿಲಿಗೆ ನನ್ನ ಟೊಪ್ಪಿಗಿ ಇಸಗೊಂಡಿದ್ರಿ. ಇನ್ನೂ ವಾಪಸ್ ಕೊಟ್ಟಿಲ್ಲ.”

ತೀರ್ಪಿಗಾಗಿ ಸುಮಿತ್ರಾಗೆ ಫೋನ್ ಮಾಡಿದೆ. ಹಸ್ತಪ್ರತಿ ಹೋದ ವಿಷಯ ಮರೆಮಾಚಿ, ಕ್ಯಾಸಲ್‌ರಾಕ್ ಫೋಟೊ ಮುಖಪುಟದಲ್ಲಿ ಬಂದದ್ದು ನೆನಪಿದೆಯೇ ಎಂದು ಮಾತ್ರ ಕೇಳಿದೆ.

“ಒಳಗಿನ ಪುಟದಾಗ ಬಂದಿತ್ತರಿ, ಸಣ್ಣದು. ಮಸಾಲಿ ಡಬ್ಬಿ ಕೆಳಗ ಹಾಸಿದ್ದೆ. ಆದರ ಅದು ರೈಲಲ್ಲ, ಲಾರಿ,” ಎಂದಳು. ಅದರ ಬೆನ್ನಿಗೇ, “ಪೂಜಾ ಹೇಳಿದಳು. ಕವರ್ ಸಿಕ್ತೋ ಇಲ್ಲೋ?” ಎಂದಳು.

ನಾನು ಫೋನಿಟ್ಟೆ. ದಸ್ತಗೀರ್ ಭಾಯಿ ರೈಲೇ ಎಂದರು, ಆದರೆ ನಾವು ಮುಟ್ಟುವಷ್ಟೊತ್ತಿಗೆ ಅದನ್ನು ಎತ್ತಿ ಹಳಿಯ ಮೇಲೆ ನಿಲ್ಲಿಸಿದ್ದರಂತೆ! ಹಳಿಯಾಳ ಮುಟ್ಟುವಷ್ಟರಲ್ಲಿ, ಕಳೆದುಹೋದ ಪುಸ್ತಕಕ್ಕಿಂತ ಬೇರೆಯದೇ ಪುಸ್ತಕ ನಮ್ಮಿಬ್ಬರ ನಡುವೆ ತಯಾರಾಗಿತ್ತು. ಅದರಲ್ಲಿ ನಾಯಕ ಮೆಕ್ಯಾನಿಕ್. ನಾನು ನಿದ್ದೆ ಮಾಡುವ ಪಾತ್ರ.

ಬಸ್ಸು ಹೋಗಿತ್ತು. ನಿಲ್ದಾಣದ ಕಂಟ್ರೋಲರ್ ಕರುಣೆಯಿಂದ ಕಂಡಕ್ಟರ್‌ಗೆ ಫೋನ್ ಮಾಡಿದರು. ಲೈನ್ ಹತ್ತಲಿಲ್ಲ. ಸಂಜೆ ಅದೇ ಬಸ್ಸು ಮರಳುತ್ತದೆ, ಕಾಯಿರಿ ಎಂದರು. ಕಾದೆವು. ಚಹಾ ಕುಡಿದೆವು. ಬಸ್ಸುಗಳು ಬಂದು ಹೋಗುವುದನ್ನು ನೋಡುತ್ತ ನನಗೆ ಆ ದಿನಗಳ ಬೆಳಗುಗಳು ನೆನಪಾದವು. ಏಜೆಂಟರ ಅಂಗಡಿಯ ಮುಂದೆ ನಿಂತು ಪತ್ರಿಕೆಯ ಬಂಡಲಿನ ಹಗ್ಗ ಬಿಚ್ಚುವುದನ್ನೇ ಕಾಯುತ್ತಿದ್ದೆ. ಸುದ್ದಿ ಬಂದಿದ್ದರೆ ಊರೇ ನನ್ನದು. ಬರದಿದ್ದರೆ ಕಂಡಕ್ಟರನದೇ ತಪ್ಪು. ಆಗಲೂ ದಸ್ತಗೀರ್ ಭಾಯಿ ಹೀಗೆಯೇ ಪಕ್ಕದಲ್ಲಿ ನಿಂತಿರುತ್ತಿದ್ದರು. ಅಥವಾ ನಿಂತಿದ್ದರೆಂದು ಈಗ ಸೇರಿಸಿಕೊಳ್ಳುತ್ತಿದ್ದೇನೋ ಏನೋ. ನನ್ನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಸಂಜೆ ಬಸ್ಸು ಬಂತು. ಕಂಡಕ್ಟರ್ ನನ್ನನ್ನು ಕಂಡವಳೇ, ನೀವು ಹೇಳಿದ ಡಬ್ಬಿ ಹುಬ್ಬಳ್ಳಿಯಲ್ಲಿ ಎಲ್ಲಿಯೂ ಇಲ್ಲ, ಕೇಳಿದವರೆಲ್ಲ ನಕ್ಕರು, ಅದಕ್ಕೇ ವಾಪಸ್ ತಂದೆ ಎಂದು ಸಿಟ್ಟಾದಳು. ಕವರ್ ಎಲ್ಲಿ ಎಂದೆ. ಅವಳು ಕಿಟಕಿ ಪಕ್ಕದ ಸೀಟು ತೋರಿಸಿದಳು. ಅಲ್ಲೊಬ್ಬ ಅಜ್ಜಿ ಕೂತಿದ್ದರು. ನನ್ನ ವೃತ್ತಿಜೀವನದ ಮೇಲೆ.

“ಕಲಘಟಗಿ ಕಡೆ ಮಳಿ ಹೊಡೀತಪಾ, ಸೀಟು ತೊಯ್ದಿತ್ತು,” ಎಂದು ಅಜ್ಜಿ ಎದ್ದು ಕವರ್ ಕೊಟ್ಟರು. “ಗಟ್ಟಿ ಐತಿ ನೋಡು. ನನಗ ನೀರು ಹತ್ತಗೊಡಲಿಲ್ಲ.”

ನೀರು ಹತ್ತಿದ್ದು ಕೊನೆಯ ಅಧ್ಯಾಯಕ್ಕೆ. ಕ್ಯಾಸಲ್‌ರಾಕ್ ಪುಟಗಳಲ್ಲಿ ಶಾಯಿ ಹರಿದು ರೈಲು, ಕಾಡು, ನಾನು ಎಲ್ಲ ಒಂದೇ ನೀಲಿಯಾಗಿದ್ದೆವು. ದಸ್ತಗೀರ್ ಭಾಯಿ ಪುಟವನ್ನು ಬೆಳಕಿಗೆ ಹಿಡಿದು ನೋಡಿ, “ಮಳಿ ಈಗ ಬಂತ ನೋಡ್ರಿ,” ಎಂದರು.

ಸೋಮವಾರ ಉಳಿದ ಪುಟಗಳನ್ನು ಪ್ರಕಾಶಕರಿಗೆ ಕೊಟ್ಟು, ಕೊನೆಯ ಅಧ್ಯಾಯವನ್ನು ಮತ್ತೆ ಬರೆದುಕೊಡುತ್ತೇನೆ ಎಂದು ಕ್ಷಮೆ ಕೇಳಿದೆ. ಅವರು ಓದಿ ಫೋನ್ ಮಾಡಿದರು. ಪುಸ್ತಕ ಚೆನ್ನಾಗಿದೆ, ಆ ಅಧ್ಯಾಯವಿಲ್ಲದೆ ಇನ್ನೂ ಚೆನ್ನಾಗಿದೆ, ದಯವಿಟ್ಟು ಬರೆಯಬೇಡಿ ಎಂದರು! ಆದರೂ ಅರ್ಪಣೆಯ ಪುಟದಲ್ಲಿ ಒಂದು ಸಾಲು ಸೇರಿಸಿದ್ದೇನೆ: ಗಾಡಿ ಹೊಡೆದ ದಸ್ತಗೀರ್ ಭಾಯಿಗೆ, ಟೊಪ್ಪಿಗೆಯ ಸಮೇತ.

ಪೂಜಾಳ ವಿಡಿಯೊ ಪುಸ್ತಕಕ್ಕಿಂತ ಮೊದಲೇ ಹೊರಬಂತು. ಅದರಲ್ಲಿ ಪತ್ರಿಕೋದ್ಯಮದ ಚರಿತ್ರೆ ಇಲ್ಲ. ಬಿಸಿಲು ಬಿದ್ದ ನನ್ನ ಮುಖವೂ ಇಲ್ಲ. ಒಂದು ಬಸ್ಸು ಹೋಗುತ್ತದೆ, ಹಿಂದೆ ಒಬ್ಬ ಮುದುಕ ಓಡುತ್ತಾನೆ, ಒಂದು ಚಪ್ಪಲಿ ಹಾರಿ ಬಾಳೆಗೊನೆಯವನ ಮುಂದೆ ಬೀಳುತ್ತದೆ. ಈಗ ಮುಂಡಗೋಡಕ್ಕೆ ಹೋದರೂ ಜನ ಗುರುತು ಹಿಡಿದು ಚಹಾ ಕುಡಿಸುತ್ತಾರೆ. ನಾನು ಬರೆದದ್ದರಲ್ಲಿ ಒಂದನ್ನೂ ಇಬ್ಬರು ಒಂದೇ ರೀತಿ ನೆನಪಿಟ್ಟುಕೊಂಡಿರಲಿಲ್ಲ. ಇದನ್ನು ಮಾತ್ರ ಇಡೀ ಜಿಲ್ಲೆ ತಪ್ಪಿಲ್ಲದೆ ನೆನಪಿಟ್ಟುಕೊಂಡಿದೆ.

ನನಗೆ ಮಾತ್ರ ಚೆನ್ನಾಗಿ ನೆನಪಿದೆ: ಎರಡೂ ಕಾಲಲ್ಲಿ ಚಪ್ಪಲಿ ಇದ್ದವು.