ಸುಂಕದವರ ಮುಂದೆ ಒಂದು ಬ್ಯಾಗು

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ಸಂತೋಷಕ್ಕೆ ಕನ್ನಡಕದಂಗಡಿಯ ಯಜಮಾನರು ಹೆಂಡತಿಯನ್ನು ವಿದೇಶ ಪ್ರವಾಸಕ್ಕೆ ಕರೆತಂದಿದ್ದರು. ಬಂದ ಮೇಲೆ ಒಂದು ಬ್ಯಾಗನ್ನೂ ತಂದುಕೊಟ್ಟಿದ್ದರು. ಅಂಥಿಂಥ ಬ್ಯಾಗಲ್ಲ, ಗಾಜಿನ ಬಾಗಿಲಿನಾಚೆ, ದೀಪದ ಕೆಳಗೆ ಒಂಟಿಯಾಗಿ ಕೂತು ಸ್ಕೂಟರಿನ ಬೆಲೆ ಹೇಳುವ ಬ್ಯಾಗು. ಹಾಗೆಂದು ಹೆಂಡತಿ ನಂಬಿದ್ದಳು. ನಿಜವಾಗಿ ಯಜಮಾನರು ಅದನ್ನು ಕೊಂಡದ್ದು ಆ ಅಂಗಡಿಯ ಹಿಂದಿನ ಗಲ್ಲಿಯಲ್ಲಿ, ನೆಲದ ಮೇಲೆ ಬೆಡ್‌ಶೀಟ್ ಹಾಸಿಕೊಂಡು ಕೂತವನ ಹತ್ತಿರ, ಒಂದು ಊಟದ ದುಡ್ಡಿಗೆ. ನಕಲಿ ಫ್ರೇಮುಗಳನ್ನು ಅಸಲಿಯೆಂದು ಮಾರಿ ಎರಡಂತಸ್ತಿನ ಮನೆ ಕಟ್ಟಿಸಿದ ಮನುಷ್ಯ. ಗಿರಾಕಿಗಳಿಗೊಂದು ನ್ಯಾಯ, ಹೆಂಡತಿಗೊಂದು ನ್ಯಾಯ ಮಾಡಲು ಅವರಿಗೆ ಮನಸ್ಸು ಬರಲಿಲ್ಲ.

ಹೊರಡುವ ದಿನ ಬೆಳಗ್ಗೆ, ಹೋಟೆಲಿನ ತಿಂಡಿಯ ಮೇಜಿನಲ್ಲಿ ಷಡ್ಡಕರು ಬಾಯಿ ಬಿಡುವ ತನಕ ಎಲ್ಲವೂ ಚೆನ್ನಾಗಿತ್ತು. ಷಡ್ಡಕರೆಂದರೆ ಹೆಂಡತಿಯ ಅಕ್ಕನ ಗಂಡ. ತೆರಿಗೆ ಇಲಾಖೆಯಿಂದ ನಿವೃತ್ತರಾಗಿದ್ದರು. ಕುರ್ಚಿ ಬಿಟ್ಟಿದ್ದರೂ ಕಾನೂನು ಬಿಟ್ಟಿರಲಿಲ್ಲ. ಅಕ್ಕನೂ ಅವರೂ ಈ ಪ್ರವಾಸಕ್ಕೆ ಜೊತೆಯಾಗಿದ್ದರು, ಕರೆಯದೆಯೇ.

"ಆ ಬ್ಯಾಗಿನ ಬಿಲ್ಲು ಎಲ್ಲಿ?" ಎಂದರು ಷಡ್ಡಕರು.

ಯಜಮಾನರು ಕಚ್ಚಿದ ಬ್ರೆಡ್ಡನ್ನು ತಟ್ಟೆಗಿಟ್ಟರು. "ಬಿಲ್ಲು ಯಾಕೆ ಭಾವ?"

"ಯಾಕೆ ಅಂತ ಕೇಳ್ತೀರಲ್ರೀ! ಇಲ್ಲಿನ ಅಂಗಡಿಯೋರು ಬೆಲೆ ಜೊತೆ ತೆರಿಗೇನೂ ಹಿಡಿದಿರ್ತಾರೆ. ನಾವು ಪ್ರವಾಸಿಗಳು, ಸಾಮಾನನ್ನ ದೇಶದಿಂದಾಚೆ ಒಯ್ತೀವಿ. ಏರ್‌ಪೋರ್ಟಲ್ಲಿ ಬಿಲ್ಲು, ಬ್ಯಾಗು, ಪಾಸ್‌ಪೋರ್ಟು ತೋರಿಸಿದ್ರೆ ಆ ತೆರಿಗೆ ವಾಪಸ್. ಬಳಸಿರಬಾರದು, ಅಷ್ಟೇ."

"ಬಿಲ್ಲು ಎಲ್ಲೋ ಕಳೆದುಹೋಯ್ತು ಭಾವ. ಬಿಟ್ಟಾಕಿ, ಪುಡಿಗಾಸಿಗೆ ಯಾಕೆ ತಾಪತ್ರಯ."

ಈ ಮಾತು ಆಡಿದ್ದೇ ತಪ್ಪಾಯಿತು. ಸವೆದ ಸಾಬೂನಿನ ಚೂರನ್ನು ಹೊಸ ಸಾಬೂನಿಗೆ ಅಂಟಿಸುವ ಗಂಡ ಬರುವ ದುಡ್ಡು ಬಿಡುತ್ತೇನೆ ಎಂದರೆ ಹೆಂಡತಿ ಸುಮ್ಮನಿರುತ್ತಾಳೆಯೆ? ಅವಳು ಕೈ ಚಾಚಿ ಹಣೆ ಮುಟ್ಟಿ ನೋಡಿದಳು.

"ರೀ, ಮೈ ಹುಷಾರಾಗಿದೆ ತಾನೆ?"

"ಅಂಗಡಿಗೆ ಹೋಗಿ ಇನ್ನೊಂದು ಬಿಲ್ಲು ಕೇಳೋಣ, ನಾನೂ ಬರ್ತೀನಿ," ಎಂದು ಷಡ್ಡಕರು ಎದ್ದೇಬಿಟ್ಟರು. "ಬೇಡ ಭಾವ, ನಿಮಗೆ ಮಂಡಿನೋವು," ಎಂದು ಯಜಮಾನರು ಅವರಿಗಿಂತ ಮುಂಚೆ ಬಾಗಿಲು ದಾಟಿದರು.

ಗಾಜಿನ ಬಾಗಿಲಿನ ಅಂಗಡಿಯಲ್ಲಿ ಹುಡುಗಿಯೊಬ್ಬಳು ನಗುನಗುತ್ತ ಎದುರುಗೊಂಡಳು. ಬ್ಯಾಗು ಕೊಳ್ಳದೆ ಬಿಲ್ಲು ಮಾತ್ರ ಕೊಳ್ಳುವ ಅವಕಾಶ ಇದೆಯೇ ಎಂದು ಯಜಮಾನರು ಸುತ್ತಿ ಬಳಸಿ ಕೇಳಿದರು. ಇಲ್ಲ ಎಂದು ಅವಳು ಇನ್ನೂ ಚೆನ್ನಾಗಿ ನಕ್ಕಳು. ನಿಜ ಹೇಳಿಬಿಡಲೆ ಎಂದು ಒಂದು ಗಳಿಗೆ ಯೋಚಿಸಿದರು. ಇಪ್ಪತ್ತೈದು ವರ್ಷ ಜೊತೆಗೆ ಬಾಳಿದ ಹೆಂಡತಿಗೆ ಬೀದಿಯ ಬ್ಯಾಗು ಕೊಟ್ಟ ಗಂಡ ಎಂದು ಅಕ್ಕ ಊರಿಗೆಲ್ಲ ಹಂಚುತ್ತಾಳೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಕಣ್ಣು ಮುಚ್ಚಿಕೊಂಡು ಅಂಥದ್ದೇ ಅಸಲಿ ಬ್ಯಾಗಿಗೆ ಕಾರ್ಡು ಉಜ್ಜಿದರು. ಇನ್ನು ಅಸಲಿಯನ್ನು ಹೆಂಡತಿಯ ಕೈಗೆ ದಾಟಿಸಿ ನಕಲಿಯನ್ನು ಕಸದ ಬುಟ್ಟಿಗೆ ಎಸೆದರೆ ಹಾವೂ ಸಾಯದು, ಕೋಲೂ ಮುರಿಯದು.

ಹೋಟೆಲಿಗೆ ಬಂದರೆ ಹೆಂಡತಿ ನಕಲಿ ಬ್ಯಾಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಆಗಷ್ಟೇ ಹೆತ್ತವಳಂತೆ ಎದೆಗವುಚಿಕೊಂಡು ಕೂತಿದ್ದಳು. "ಮುಟ್ಬೇಡಿ! ಕೈ ಗುರುತು ಬೀಳಬಾರದಂತೆ, ಭಾವ ಹೇಳಿದ್ದಾರೆ." ಯಜಮಾನರು ಬಿಲ್ಲನ್ನು ಷಡ್ಡಕರ ಕೈಗಿಟ್ಟು, ಅಸಲಿಯನ್ನು ಎಲ್ಲರ ಕಣ್ಣು ತಪ್ಪಿಸಿ ಸೂಟ್‌ಕೇಸಿನ ತಳದಲ್ಲಿ, ಬನಿಯನ್ನುಗಳ ನಡುವೆ ಹೂತರು. ಅವಳು ಎಲ್ಲಿಗಾದರೂ ಎದ್ದು ಹೋದಾಗ ಅದಲುಬದಲು ಮಾಡಿದರಾಯಿತು ಎಂದುಕೊಂಡರು.

ಅವಳು ಎಲ್ಲಿಗೂ ಎದ್ದು ಹೋಗಲಿಲ್ಲ. ಏರ್‌ಪೋರ್ಟಿನಲ್ಲಿ ಲಗೇಜಿನ ಸಾಲು ಕರಗುತ್ತಾ ಬಂತು. ಯಜಮಾನರು ಸೂಟ್‌ಕೇಸಿನ ಹಿಡಿ ಬಿಡದೆ ನಿಂತಿದ್ದರು.

"ಕೊಡ್ರೀ ಇಲ್ಲಿ. ಬ್ಯಾಗು ಹೆಂಗೂ ಅವಳ ಕೈಲಿದೆ, ಇದ್ಯಾಕೆ ಹೊತ್ಕೊಂಡು ತಿರುಗ್ತೀರಿ," ಎಂದ ಷಡ್ಡಕರು ಸೂಟ್‌ಕೇಸನ್ನು ಎತ್ತಿ ಬೆಲ್ಟಿನ ಮೇಲೆ ಇಟ್ಟೇಬಿಟ್ಟರು. ಮಂಡಿನೋವು ಅಡ್ಡ ಬರಲಿಲ್ಲ. ಸೂಟ್‌ಕೇಸು ರಬ್ಬರಿನ ಪರದೆ ಸರಿಸಿಕೊಂಡು ಒಳಗೆ ಹೋಯಿತು. ಯಜಮಾನರ ಪ್ರಾಣವೂ ಅದರ ಹಿಂದೆಯೇ ಹೋಯಿತು.

ಕಸ್ಟಮ್ಸ್ ಕೌಂಟರಿನ ಹೆಂಗಸು ಬಿಲ್ಲು ನೋಡಿ ತಲೆಯಾಡಿಸಿದಳು. ಬ್ಯಾಗು ಬಿಚ್ಚಿ, ಹೊಲಿಗೆ ಸವರಿ, ಒಳಜೇಬು ಮಗುಚಿ ನೋಡಿದಳು. ಬಿಲ್ಲಿನಲ್ಲಿದ್ದ ನಂಬರು ಒಳಗೆಲ್ಲೂ ಇರಲಿಲ್ಲ. ಬಿಲ್ಲು ಅಸಲಿ, ಬ್ಯಾಗು ನಕಲಿ ಎಂದವಳೇ ಬ್ಯಾಗನ್ನು ಕಾಲಬುಡದ ಡಬ್ಬಕ್ಕೆ ಎಸೆದಳು.

"ಅಯ್ಯೋ, ಅಂಗಡಿಯೋರು ಮೋಸ ಮಾಡಿದ್ರು!" ಎಂದು ಹೆಂಡತಿ ಅಲ್ಲೇ ಕುಸಿದಳು.

"ಕೇಸು ಹಾಕೋಣ!" ಎಂದರು ಷಡ್ಡಕರು.

"ವಿಮಾನ ಹೊರಡುತ್ತೆ ಭಾವ," ಎಂದು ಯಜಮಾನರು ಇಬ್ಬರನ್ನೂ ಎಳೆದುಕೊಂಡು ನಡೆದರು.

ವಿಮಾನದಲ್ಲಿ ಹೆಂಡತಿ ಅತ್ತಳು, ಅಕ್ಕ ಸಮಾಧಾನ ಮಾಡಿದಳು. "ಹೋಗ್ಲಿ ಬಿಡೇ, ನಿನ್ನ ಹಣೇಲಿ ಬರೆದಿಲ್ಲ." ಯಜಮಾನರಿಗೆ ಕರುಳು ಚುರ್ರೆಂದದ್ದೇನೋ ಹೌದು. ಆದರೆ ಅಷ್ಟರಲ್ಲಿ ಒಳ್ಳೆಯ ಉಪಾಯವೂ ಹೊಳೆದಿತ್ತು. ನಾಲ್ಕು ದಿನ ಬಿಟ್ಟು, ಅಂಗಡಿಯವರಿಗೆ ಜೋರು ಮಾಡಿದೆ, ತಪ್ಪಾಯಿತೆಂದು ಅಸಲಿ ಬ್ಯಾಗು ಪಾರ್ಸೆಲ್ ಮಾಡಿದ್ದಾರೆ ಎಂದರಾಯಿತು. ಗಂಡನ ಗತ್ತೂ ಉಳಿಯುತ್ತದೆ, ಬ್ಯಾಗೂ ಸಿಗುತ್ತದೆ. ಈ ಸಮಾಧಾನದಲ್ಲಿ ಅವರು ಗೊರಕೆ ಹೊಡೆದರು.

ಊರಿನ ಏರ್‌ಪೋರ್ಟಿನಲ್ಲಿ ಇಳಿದು, ಸೂಟ್‌ಕೇಸು ಸಿಕ್ಕಿ, ಇನ್ನೇನು ಹೊರಬಾಗಿಲು ಎನ್ನುವಾಗ ಪಕ್ಕದಲ್ಲಿ ಷಡ್ಡಕರಿರಲಿಲ್ಲ. ನಿವೃತ್ತರಾದರೂ ತಮ್ಮ ಜಾತಿಯವರನ್ನು ಕಂಡರೆ ಮಾತಾಡಿಸದೆ ಹೋಗುವವರಲ್ಲ. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡರೇನು ಬಂತು ಎನ್ನುವ ಗಾದೆಯನ್ನು ಮರೆತು, ಕಸ್ಟಮ್ಸ್ ಅಧಿಕಾರಿಯ ಮೂಗಿಗೇ ಬಿಲ್ಲು ಹಿಡಿದಿದ್ದರು.

"ನೋಡಿ ಸಾರ್, ಪರದೇಶದಲ್ಲಿ ನಮ್ಮೋರಿಗೆ ಎಂಥ ಅನ್ಯಾಯ!"

ಅಧಿಕಾರಿ ಅನ್ಯಾಯವನ್ನು ನೋಡಲಿಲ್ಲ, ಬೆಲೆಯನ್ನು ನೋಡಿದರು. "ಇಷ್ಟು ಬೆಲೆಯ ಬ್ಯಾಗು ತಂದಿದ್ದೀರಿ, ಸುಂಕ ಕಟ್ಟಿದ್ದೀರಾ? ಸೂಟ್‌ಕೇಸ್ ಬಿಚ್ಚಿ."

"ಬಿಚ್ರೀ, ನಮಗೇನು ಭಯ!" ಎಂದರು ಷಡ್ಡಕರು.

ಬನಿಯನ್ನುಗಳು ಒಂದೊಂದಾಗಿ ಮೇಜಿಗೆ ಬಂದವು. ತಳದಿಂದ ಬ್ಯಾಗು ಬಂತು. ಅಧಿಕಾರಿ ಒಳಗಿನ ನಂಬರು ಓದಿ ಬಿಲ್ಲಿಗೆ ಹೋಲಿಸಿದರು. "ಸರಿಯಾಗಿದೆ. ಸುಂಕ ಕಟ್ಟಿ. ಬಚ್ಚಿಟ್ಟು ತಂದಿದ್ದಕ್ಕೆ ದಂಡಾನೂ ಕಟ್ಟಿ."

ಹೆಂಡತಿಯ ಅಳು ನಿಂತುಹೋಯಿತು. ಅವಳು ಬ್ಯಾಗನ್ನು ನೋಡಿದಳು, ಗಂಡನನ್ನು ನೋಡಿದಳು.

"ನಕಲಿ ನಂಗೆ. ಬನಿಯನ್ ಒಳಗೆ ಬಚ್ಚಿಟ್ಟಿರೋ ಅಸಲಿ ಯಾರಿಗ್ರೀ?"

ಇನ್ನು ಬೇರೆ ದಾರಿಯಿರಲಿಲ್ಲ. ಯಜಮಾನರು ಜನ್ಮದಲ್ಲಿ ಮೊದಲ ಸಲ ಪೂರ್ತಿ ನಿಜ ಹೇಳಿದರು. "ನಿನ್ನಾಣೆ ಕಣೇ, ನಿಂಗೇ ತಂದಿದ್ದು. ಮೊದಲು ಕೊಟ್ಟಿದ್ದು ಗಲ್ಲೀದು. ತೆರಿಗೆ ವಾಪಸ್ ತಗೊಳ್ಳೋಕೆ ಬಿಲ್ಲು ಬೇಕಿತ್ತಲ್ಲ, ಅದಕ್ಕೇ ಇದನ್ನ ತಗೊಂಡೆ."

"ಏನ್ರೀ ಇದು!" ಎಂದು ಷಡ್ಡಕರು ತಲೆಯಾಡಿಸಿದರು. "ನಾಲ್ಕು ಕಾಸು ವಾಪಸ್ ಬರುತ್ತೆ ಅಂತ ಯಾರಾದ್ರೂ ಸ್ಕೂಟರಿನ ದುಡ್ಡು ಸುರೀತಾರಾ? ಅದೂ ನೀವು? ನಮ್ಮ ಇಲಾಖೇಲಿ ಕೂಡ ಇಂಥ ಬಡಪಾಯಿ ಸುಳ್ಳು ಕೇಳಿರಲಿಲ್ಲ."

"ನಿಮ್ಮಂಗಡೀಲಿ ಕೌಂಟರ್ ನೋಡ್ಕೊಳ್ತಾಳಲ್ಲ, ಅವಳಿಗಾ?" ಎಂದಳು ಹೆಂಡತಿ. ಉತ್ತರಕ್ಕೂ ಕಾಯಲಿಲ್ಲ. "ಕಂಡೋರಿಗೆ ತಂದ ಬ್ಯಾಗು ನಂಗೆ ಬೇಡ. ಅಕ್ಕಾ, ನೀನೇ ಇಟ್ಕೋ."

ಅಕ್ಕ ಎರಡು ಸಲ ಬೇಡವೆಂದಳು. ಮೂರನೆಯ ಸಲ ಬ್ಯಾಗು ಅವಳ ಹೆಗಲಿನಲ್ಲಿತ್ತು.

ಯಜಮಾನರು ಸುಂಕ ಕಟ್ಟಿದರು, ದಂಡ ಕಟ್ಟಿದರು, ಬನಿಯನ್ನುಗಳನ್ನು ಒಬ್ಬರೇ ಮಡಿಸಿ ಸೂಟ್‌ಕೇಸಿಗೆ ತುಂಬಿದರು. ಅಕ್ಕತಂಗಿಯರು ಆಗಲೇ ಟ್ಯಾಕ್ಸಿ ಹತ್ತಿದ್ದರು. ಷಡ್ಡಕರು ಮಾತ್ರ ಹಿಂದೆ ಉಳಿದು, ಯಜಮಾನರ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು:

"ಸುಂಕದ ರಸೀದಿ ಜೋಪಾನ. ಅದನ್ನ ವಾಪಸ್ ತಗೊಳ್ಳೋಕೂ ಒಂದು ದಾರಿ ಇದೆ."