ಬಿಳಿ ಪಂಚೆಯ ಪುರಾವೆ

ಹೂವಪ್ಪನ ಹೆಂಡತಿ ಗುತ್ಯಮ್ಮ ತವರಿಗೆ ಹೋಗಿ ಮೂರು ತಿಂಗಳಾಗಿತ್ತು. ಜಗಳವೇನೂ ಇರಲಿಲ್ಲ. ಶಿಕಾರಿಪುರದ ಅವರ ಒಂದೇ ಕೋಣೆಯ ಮನೆಯ ಹಿಂದೆ ಪರಮಶಿವಪ್ಪನ ಟೆಂಟು ಸಿನಿಮಾ ಬಂದು ಕೂತಿತ್ತು. ಅದಕ್ಕೆ ಕರೆಂಟು ಕೊಡುವ ಡೀಸೆಲ್ ಎಂಜಿನ್ನು ನೇರ ಇವರ ಅಡುಗೆ ಮೂಲೆಗೇ ಹೊಗೆ ಉಗುಳುತ್ತಿತ್ತು. "ಆ ಹೊಗೆ ನಿಲ್ಲೋತನಕ ನಾನು ಈ ಮನೆಗೆ ಕಾಲಿಡಲ್ಲ ನೋಡ್ರಿ" ಎಂದು ಗುತ್ಯಮ್ಮ ಅಂಜನಾಪುರದ ಬಸ್ಸು ಹತ್ತಿದ್ದಳು. ಅಂದಿನಿಂದ ಹೂವಪ್ಪನ ಕಿವಿಯಲ್ಲಿ ರೊಟ್ಟಿ ತಟ್ಟುವಾಗಿನ ಅವಳ ಬಳೆಯ ಸದ್ದೇ. ಹೋಟೆಲಿನ ಇಡ್ಲಿ ಮುರಿಯುವಾಗಲೂ ಕಣ್ಣು ತುಂಬಿ ಬರುತ್ತಿತ್ತು.

ಕೊನೆಗೆ ಪುರಸಭೆಗೆ ಅರ್ಜಿ ಬರೆದ. ಬೆಳಿಗ್ಗೆ ಬಂದ ಹೆಲ್ತ್ ಇನ್ಸ್‌ಪೆಕ್ಟರು, ಕಾಯಿದೆ ಪ್ರಕಾರ ಹೊಗೆಗೆ ಪುರಾವೆ ಬೇಕೆಂದರು. ಹಿತ್ತಲಲ್ಲಿ ಬಿಳಿ ಪಂಚೆಯೊಂದನ್ನು ಹರವಿಸಿ, ಸಂಜೆಗೆ ಮಸಿ ಹಿಡಿದಿದ್ದರೆ ಪರವಾನಗಿ ರದ್ದು ಎಂದು ಹೇಳಿ ಹೋದರು.

ಸಿನಿಮಾ ಹೋಗುತ್ತದೆಂದರೆ ಕೇರಿಯವರು ಸುಮ್ಮನಿರುತ್ತಾರೆಯೇ? ಮೂರು ಗಂಟೆಗೆ ಹಾಡಿನ ಪ್ಲೇಟು ಹಾಕಲು ಎಂಜಿನ್ನು ಶುರುವಾಯಿತು. ಪಕ್ಕದ ಮನೆಯ ರಾಜೇಶ್ವರಮ್ಮ ಬಂದು, ಒಂಟಿ ಗಂಡಸು ಪಾಪ ಎನ್ನುತ್ತ, ಮಸಿ ಹಿಡಿದ ಪಂಚೆ ಒಗೆದು ಮತ್ತೆ ಹರವಿದರು. ಹೂವಪ್ಪ ಬೇರೆ ಪಂಚೆ ಹರವಿದ. ಅದೂ ಮಾಯವಾಗಿ, ನೀಲಿ ಹಾಕಿಸಿಕೊಂಡು ವಾಪಸು ಬಂತು. ಉಳಿದದ್ದು ಮದುವೆಯ ಪಂಚೆ ಒಂದೇ. ಅದನ್ನುಟ್ಟುಕೊಂಡು, ಇನ್ನು ಯಾರು ಒಗೆಯುತ್ತಾರೋ ನೋಡೋಣ ಎಂದು ತಾನೇ ಹೊಗೆ ಕೊಳವೆಯ ಎದುರು ನಿಂತುಬಿಟ್ಟ.

ಇನ್ಸ್‌ಪೆಕ್ಟರು ಬರುವ ಹೊತ್ತಿಗೆ ಅವನು ಹಂಡೆಯ ತಳದಷ್ಟು ಕಪ್ಪಾಗಿದ್ದ. ಯಾರಪ್ಪ ನೀನು ಎಂದರು.

"ಅರ್ಜಿದಾರ ನಾನೇ ರೀ" ಎಂದು ಕೆಮ್ಮಿದ ಹೂವಪ್ಪ. "ಪುರಾವೇನೂ ನಾನೇ."

ಟೆಂಟು ಕಿತ್ತರು. ಕೇರಿಯವರು ಅವನ ಜೊತೆ ಮಾತು ಬಿಟ್ಟರು. ಅವನಿಗೆ ಅದರ ಚಿಂತೆಯಿರಲಿಲ್ಲ. ಹೊಗೆ ನಿಂತಿತು ಎಂದಷ್ಟೇ ಹೆಂಡತಿಗೆ ಕಾಗದ ಬರೆದು, ಮನೆ ಸಾರಿಸಿ, ದಿನಾ ಒಂದು ಮೊಳ ಮಲ್ಲಿಗೆ ಕೊಂಡು ಬಸ್ಸಿಗೆ ಕಾದ.

ಒಂಬತ್ತನೆಯ ದಿನ ಗುತ್ಯಮ್ಮ ಇಳಿದಳು. ಅವಳ ಹಿಂದೆ ಮಾವ, ಅತ್ತೆ, ಉಬ್ಬಸದ ಅಜ್ಜಿ ಇಳಿದರು. ಆಮೇಲೆ ಮೂರು ಹಾಸಿಗೆ ಸುರುಳಿ. ಪರಮಶಿವಪ್ಪ ಅಂಜನಾಪುರದಲ್ಲಿ ಮಾವನ ಮನೆಯ ಹಿಂದೆಯೇ ಟೆಂಟು ಹಾಕಿದ್ದನಂತೆ. ಪರವಾನಗಿ ಆರು ತಿಂಗಳಿಗಂತೆ.

ಹೆಂಗಸರು ಕೋಣೆ ಸೇರಿದರು, ಗಂಡಸರಿಗೆ ಜಗಲಿಯಾಯಿತು. ಒಳಗಿನಿಂದ ರೊಟ್ಟಿ ತಟ್ಟುವ ಬಳೆಯ ಸದ್ದು ಕೇಳುತ್ತಿತ್ತು. ಅಂಜನಾಪುರಕ್ಕಾದರೂ ಬಸ್ಸಿತ್ತು, ಈ ಹೊಸ್ತಿಲು ದಾಟುವುದಕ್ಕೆ ಯಾವ ಬಸ್ಸೂ ಇರಲಿಲ್ಲ. ಹೂವಪ್ಪ ಬಾಡುತ್ತಿದ್ದ ಮಲ್ಲಿಗೆ ಹಿಡಿದು ಕೂತಿದ್ದ.

ಮಾವ ಎಲೆಗೆ ಸುಣ್ಣ ಹಚ್ಚುತ್ತ, ಆ ಎಂಜಿನ್ನನ್ನು ಈ ಊರಿನಿಂದ ಯಾರೋ ಅರ್ಜಿ ಕೊಟ್ಟು ಓಡಿಸಿದರಂತಲ್ಲ, ಅವನನ್ನು ಹುಡುಕಿಕೊಡಿ ಎಂದರು.

"ಯಾಕೆ ಮಾವ?"

"ನಮ್ಮೂರಿಗೂ ಒಂದು ಅರ್ಜಿ ಬರೆಸೋಣ ಅಳಿಯಂದ್ರೆ. ಟೆಂಟು ವಾಪಸ್ ಇಲ್ಲಿಗೇ ಬರ್ತದೆ. ನಾವೂ ಗುತ್ಯವ್ವನ್ನ ಕರ್ಕೊಂಡು ಊರಿಗೆ ಹೋಗ್ತೀವಿ."