ಡಬ್ಬಿಯ ಸೊನ್ನೆ ರೀಡಿಂಗ್

ಮನೆ ಮನೆ ಸುತ್ತಿ ಕರೆಂಟ್ ಮೀಟರ್ ಓದುವುದು ಅವನ ಕೆಲಸ. ಹದಿನೆಂಟು ವರ್ಷ ಓದಿ ಓದಿ ಅವನಿಗೊಂದು ದಿವ್ಯಜ್ಞಾನ ಪ್ರಾಪ್ತವಾಗಿತ್ತು: ಜನ ಇರುವ ಮನೆಯ ಮೀಟರ್ ಸೊನ್ನೆ ತೋರಿಸಿದರೆ ಅಲ್ಲಿ ಕಳ್ಳತನ ನಡೆದಿದೆ ಎಂದೇ ಅರ್ಥ. ಸೊನ್ನೆ ಕಂಡರೆ ಸಾಕು, ಮಂಚದ ಕೆಳಗೆ ತೂರಿಯಾದರೂ ಕಳ್ಳತಂತಿ ಹುಡುಕುತ್ತಿದ್ದ.

ಅಂಥವನು ಮಗಳ ಊಟದ ಡಬ್ಬಿಯ ವಿಷಯದಲ್ಲಿ ಹಳ್ಳಕ್ಕೆ ಬಿದ್ದ.

ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಬೆಳಗಿನ ಪಾಳಿ ಬಿದ್ದದ್ದರಿಂದ ಡಬ್ಬಿಯ ಖಾತೆ ಇವನ ಪಾಲಿಗೆ ಬಂತು. ಅಧಿಕಾರ ಸಿಕ್ಕಿದ್ದೇ ತಡ, ಸಾಹೇಬರು ಸುಧಾರಣೆ ಶುರುಮಾಡಿದರು. ಬೇಯಿಸಿದ ಬೀಟ್‌ರೂಟ್, ಹಸಿ ಕ್ಯಾರೆಟ್, ಮೊಳಕೆ ಕಾಳು. ಉಪ್ಪು ನಿಷಿದ್ಧ, ಎಣ್ಣೆ ಗಡೀಪಾರು.

“ರೀ, ಇದನ್ನ ನೀವು ಒಂದು ತುತ್ತಾದ್ರೂ ತಿಂದು ನೋಡಿದ್ದೀರಾ?” ಎಂದಳು ಹೆಂಡತಿ.

“ನಾನ್ಯಾಕೆ ತಿನ್ಲಿ? ಬೆಳೆಯೋಳು ಅವಳು!”

ಸಂಜೆ ಡಬ್ಬಿ ತೆರೆದರೆ ಒಂದು ಕಾಳೂ ಇಲ್ಲ. ಮರುದಿನವೂ ಇಲ್ಲ. ಮೂರು ವಾರ ಸತತ ಸೊನ್ನೆ. ಇವನು ಮೀಸೆ ತಿರುವಿದನೇ ಹೊರತು, ತಂತಿ ಹುಡುಕಬೇಕೆಂದು ಹೊಳೆಯಲೇ ಇಲ್ಲ. (ಹೊಗಳಿಕೆ ಬರುವ ದಿಕ್ಕಿಗೆ ಯಾರೂ ಟಾರ್ಚ್ ಬಿಡುವುದಿಲ್ಲ.)

ಅಷ್ಟು ಜಂಬ ಮನೆಯೊಳಗೆ ಹಿಡಿಸೀತೇ? ಶಾಲೆಯ ಪೋಷಕರ ಸಭೆಗೆ ಹೊತ್ತುಕೊಂಡು ಹೋದ. “ನನ್ನ ಮಗಳ ಡಬ್ಬಿ ದಿನಾ ಖಾಲಿಯಾಗಿ ಬರುತ್ತೆ! ಅವಳ ಪಕ್ಕದಲ್ಲೇ ಕೂರೋ ಹುಡುಗಿಗೆ ದಿನಾ ಬ್ರೆಡ್ಡು! ಇವರೂ ತಾಯಂದಿರಾ? ಮೊದಲು ಬ್ರೆಡ್ಡು ಬಂದ್ ಮಾಡಿ!” ಎಂದು ಗುಡುಗಿದ.

ಆ ಹುಡುಗಿಯ ತಾಯಿ, ನರ್ಸಮ್ಮ, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದರು. ಏನೋ ಹೇಳಲು ಬಾಯಿ ತೆರೆದು, ಕಿಟಕಿಯತ್ತ ನೋಡಿ, ಮುಚ್ಚಿಕೊಂಡರು. ಚಪ್ಪಾಳೆ ಬಿತ್ತು. ಬ್ರೆಡ್ಡು ಬಂದಾಯಿತು.

ಮಾರನೆಯ ದಿನದಿಂದ ಮಗಳು ಸಂಜೆ ಚೀಲ ಎಸೆದವಳೇ ನೇರ ಅನ್ನದ ಪಾತ್ರೆಗೆ ಕೈ ಹಾಕತೊಡಗಿದಳು. ಡಬ್ಬಿಯಲ್ಲಿ ಮಾತ್ರ ಅದೇ ಸೊನ್ನೆ.

“ನೋಡೇ, ತರಕಾರಿ ತಿಂದ್ರೆ ಹಸಿವು ಹೇಗೆ ಹೆಚ್ಚುತ್ತೆ!” ಎಂದು ಹೆಂಡತಿಯ ಮುಂದೆ ಹಿಗ್ಗಿದ.

ನಾಲ್ಕನೆಯ ದಿನ ಮೀಟರ್ ಓದಲು ನರ್ಸಮ್ಮನ ಮನೆಯ ಬಾಗಿಲನ್ನೇ ತಟ್ಟಬೇಕಾಯಿತು.

“ಬನ್ನಿ ಅಣ್ಣಾ,” ಎಂದರು ಆಕೆ, ಹಗಲು ನಿದ್ದೆಯಿಂದ ಎದ್ದು ಬಂದು. “ನಿಮ್ಮ ಪುಟ್ಟಿ ಈಗ ಹೊಟ್ಟೆಗೆ ಏನು ಮಾಡ್ತಾಳೆ?”

“ಯಾಕಮ್ಮಾ? ನನ್ನ ಡಬ್ಬಿ ಪೂರ್ತಿ ತಿಂತಾಳಲ್ಲ!”

“ಅದನ್ನ ತಿನ್ನೋದು ಶಾಲೆ ಮೊಲ ಅಣ್ಣಾ. ಊದಿಕೊಂಡು ಗೂಡಿನ ಬಾಗಿಲಲ್ಲಿ ತೂರೋಕೇ ಆಗ್ತಿಲ್ವಂತೆ. ನನ್ನ ಮಗಳಿಗೆ ಎರಡು ಬ್ರೆಡ್ ಸಾಕು. ಮೂರು ವಾರದಿಂದ ನಾಲ್ಕು ಹಾಕ್ತಿದ್ದೆ. ನಡುವೆ ಮೊಟ್ಟೆ, ಟೊಮೆಟೊ, ಸೌತೆಕಾಯಿ. ನೀವು ತೆರೆದು ನೋಡಿದ್ರಾ? ಈಗ ನನ್ನವಳಿಗೆ ಎರಡು ಬಾಳೆಹಣ್ಣು ಕೊಡ್ತೀನಿ. ಅದ್ರಲ್ಲೂ ಒಂದು ಪುಟ್ಟಿಗೆ.”

“ಸಭೇಲೇ ಹೇಳಬಹುದಿತ್ತಲ್ಲಮ್ಮಾ...”

“ಕಿಟಕಿಯಾಚೆ ಪುಟ್ಟಿ ಕೈ ಮುಗಿದುಕೊಂಡು ನಿಂತಿದ್ಲು.”

ಅವತ್ತು ಅವನು ಬರೆದುಕೊಂಡ ರೀಡಿಂಗ್ ತಪ್ಪಾಗಿ, ಅದೇ ಮನೆಗೆ ಮತ್ತೊಮ್ಮೆ ಬರಬೇಕಾಯಿತು.

ಅವತ್ತೇ ನೇರ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯಿನಿಯ ಮುಂದೆ ತಲೆ ಕೆರೆದುಕೊಂಡು ನಿಂತ. ಬ್ರೆಡ್ಡಿಗೆ ಬಿಡುಗಡೆಯಾಯಿತು. ಗುಡುಗಿದ್ದು ತುಂಬಿದ ಸಭೆಯಲ್ಲಿ. ತಪ್ಪೊಪ್ಪಿಕೊಂಡಿದ್ದು ಮುಚ್ಚಿದ ಕೋಣೆಯಲ್ಲಿ. (ಗಂಡಸರ ಪಶ್ಚಾತ್ತಾಪಕ್ಕೆ ಮೈಕು ಸಿಗುವುದಿಲ್ಲ.)

ಮನೆಯಲ್ಲಿ ಎಲ್ಲ ಕೇಳಿದ ಹೆಂಡತಿ ತೀರ್ಪು ಕೊಟ್ಟಳು: “ನಾಳೆಯಿಂದ ಇಬ್ಬರು ಹುಡುಗೀರಿಗೂ ಬ್ರೆಡ್ಡು ನೀವೇ ಮಾಡಿ ಕಳಿಸಿ. ನೆನೆಹಾಕಿಟ್ಟಿರೋ ಕಾಳು, ಬುಟ್ಟಿ ತುಂಬ ಇರೋ ಬೀಟ್‌ರೂಟು ನಿಮ್ಮ ಡಬ್ಬಿಗೆ. ಮುಗಿಯೋವರೆಗೂ!”

ಮರುದಿನ ಸಂಜೆ ಅವನ ಡಬ್ಬಿಯೂ ಖಾಲಿಯಾಗಿ ಬಂತು.

“ನೋಡು ಪುಟ್ಟಿ, ಒಂದು ಕಾಳೂ ಬಿಟ್ಟಿಲ್ಲ!”

ಮಗಳು ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಮುಚ್ಚಳ ಮೂಸಿದಳು. ಅಪ್ಪನ ಮುಖವನ್ನು ಮೀಟರ್ ನೋಡುವಂತೆ ನೋಡಿದಳು.

“ಸೊನ್ನೆ ಬಂದ್ರೆ ಕಳ್ಳತನ ಅಂತ ನೀವೇ ಹೇಳ್ತೀರಲ್ಲಪ್ಪಾ. ನಿಜ ಹೇಳಿ, ನಿಮ್ಮ ಮೊಲ ಯಾವ ಬೀದೀಲಿದೆ?”